ಕಿಟಕಿಯಾಚೆಯ ಕೆಂಪು ಹರಳು

ಕಾಫಿಯ ಬಟ್ಟಲಿನ ಮೇಲೆ ಬಗ್ಗಿ ಚಮಚದಿಂದ ಕೆನೆ ಒಡೆದೆ. ಬಿಸಿ ಹಬೆ ಮುಖಕ್ಕೆ ಬಡಿಯಿತು. ವಾಸನೆ ಮಾತ್ರ ಬರಲಿಲ್ಲ. ಪಕ್ಕದ ಬಟ್ಟಲಿಗೆ ಹೋದೆ, ಅಲ್ಲೂ ಇಲ್ಲ. ಮುಂದಿನದಕ್ಕೆ ಬಗ್ಗುವಷ್ಟರಲ್ಲಿ ಸೀನು ಶುರುವಾಯಿತು. ಒಂದರ ಹಿಂದೆ ಒಂದು, ಉಸಿರು ತೆಗೆದುಕೊಳ್ಳಲೂ ಬಿಡದ ಹಾಗೆ. ಮುಖ ತಿರುಗಿಸಿಕೊಳ್ಳುವ ಹೊತ್ತಿಗೆ ಅನಾಹುತ ಆಗಿಹೋಗಿತ್ತು. ಇಡೀ ಸಾಲನ್ನು ಚೆಲ್ಲಿ, ಬಟ್ಟಲು ತೊಳೆದು, ಮತ್ತೆ ಮೊದಲಿನಿಂದ ನೀರು ಕಾಯಿಸಬೇಕಾಯಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಇಂದಿರಾನಗರದ ಹಳೆಯ ಬಂಗಲೆಯೊಂದರಲ್ಲಿದ್ದ ಕಾಫಿ ರಫ್ತು ಕಂಪನಿಯಲ್ಲಿ ನಾನು ರುಚಿ ನೋಡುವವಳು. ಕೆ.ಆರ್. ಪುರದ ಗೋಡೌನಿನಿಂದ ಪ್ರತಿ ಲಾಟಿನ, ಎಂದರೆ ಒಂದೇ ಕಡೆಯಿಂದ ಬಂದ ಚೀಲಗಳ ಗುಂಪಿನ, ಒಂದು ಸ್ಯಾಂಪಲ್ ನನ್ನ ಟೇಬಲ್ಲಿಗೆ ಬರುತ್ತಿತ್ತು. ಹಸಿ ಬೀಜವನ್ನು ತಿಳಿಕಂದು ಬಣ್ಣಕ್ಕೆ ಹುರಿದು, ಒಂದು ದಿನ ಆರಲು ಬಿಟ್ಟು, ತರಿತರಿಯಾಗಿ ಪುಡಿ ಮಾಡಿ, ಒಂದೇ ಅಳತೆಯಲ್ಲಿ ಬಟ್ಟಲುಗಳಿಗೆ ಹಾಕಿ, ಕುದಿ ಇಳಿದ ನೀರು ಸುರಿಯಬೇಕು. ಪುಡಿ ಮೇಲೆದ್ದು ಕೆನೆಯಂತೆ ಕಟ್ಟುತ್ತದೆ. ಸ್ವಲ್ಪ ಹೊತ್ತು ಕಾದು, ಮೂಗನ್ನು ಬಟ್ಟಲಿಗೆ ತಾಗುವಷ್ಟು ಹತ್ತಿರ ತಂದು ಆ ಕೆನೆಯನ್ನು ಒಡೆದಾಗ ಬರುವ ಮೊದಲ ವಾಸನೆಯಲ್ಲಿ ಲಾಟಿನ ಜಾತಕವೆಲ್ಲ ಇರುತ್ತದೆ. ಒದ್ದೆ ಗೋಣಿಯಲ್ಲಿ ಬಿದ್ದಿತ್ತೇ, ಬೂಸು ಹಿಡಿದಿತ್ತೇ, ಹಣ್ಣು ಕೊಳೆತ ಮೇಲೆ ಬಿಡಿಸಿದರೇ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಸೊರ್ರೆಂದು ಹೀರಿ ಉಗಿಯುವುದು ಮೂಗು ಹೇಳಿದ್ದನ್ನು ನಾಲಿಗೆಯಿಂದ ಖಚಿತ ಮಾಡಿಕೊಳ್ಳುವುದಕ್ಕೆ ಅಷ್ಟೆ.

ಎಕ್ಸ್‌ಪೋರ್ಟ್ ಮ್ಯಾನೇಜರ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಅವರ ಬಗ್ಗೆ ಬರೆಯುವಾಗ ಬಹುವಚನ ಬಳಸುತ್ತಿದ್ದೇನೆ, ಅದು ಅಚ್ಚಿಗೆ ಕೊಡುವ ಮರ್ಯಾದೆ. ಮನಸ್ಸಿನಲ್ಲಿ ಅವರಿಗೆ ಏಕವಚನವೇ.

"ಏನ್ ಮೇಡಂ, ಶೀತಾನಾ?" ಎಂದರು. "ಶೀತ ಇದ್ರೆ ರಜಾ ಹಾಕ್ಬೇಕು. ಟೇಬಲ್ ಮೇಲೆ ಸೀನಿದ್ರೆ ಬಯರ್ಸ್ ಏನಂದ್ಕೋತಾರೆ?"

ಶೀತ ಎಂದೇ ನಾನೂ ಅಂದುಕೊಂಡೆ. ದಸರಾ ಕಳೆದು ಬೆಳಗಿನ ಚಳಿ ಶುರುವಾಗಿತ್ತು. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದೆ. ಮಧ್ಯಾಹ್ನದ ಹೊತ್ತಿಗೆ ಮೂಗು ಅರ್ಧ ತೆರೆದುಕೊಂಡಿತು. ಮಾರನೆಯ ದಿನ ಬೆಳಿಗ್ಗೆ ಟೇಬಲ್ಲಿನ ಮುಂದೆ ನಿಂತ ಸ್ವಲ್ಪ ಹೊತ್ತಿಗೇ ಮತ್ತೆ ಅದೇ ಕಥೆ. ಶೀತ ಒಂದು ವಾರದಲ್ಲಿ ಹೋಗುತ್ತದೆ. ಇದು ತಿಂಗಳು ಕಳೆದರೂ ಹೋಗಲಿಲ್ಲ. ಕಣ್ಣು ಉರಿ, ಅಂಗುಳಿನಲ್ಲಿ ನವೆ, ಮೂಗಿನಿಂದ ನೀರು. ಜ್ವರವಿಲ್ಲ, ಮೈಕೈ ನೋವಿಲ್ಲ. ನನ್ನ ಟೇಬಲ್ಲಿನ ಕೆಲಸ ನಡೆಯುತ್ತಿದ್ದದ್ದೇ ಬೆಳಿಗ್ಗೆ, ಮೂಗು ಸಾಯುತ್ತಿದ್ದದ್ದೂ ಬೆಳಿಗ್ಗೆಯೇ.

ಹೆದರಿಕೆಯಲ್ಲಿ ನಾನು ಯಾವ ಲಾಟನ್ನೂ ನೇರವಾಗಿ ಪಾಸು ಮಾಡದಾದೆ. ಮತ್ತೊಮ್ಮೆ ಹುರಿಯಿರಿ, ನಾಳೆ ನೋಡೋಣ ಎನ್ನುತ್ತಾ ದಿನ ತಳ್ಳಿದೆ. ಗೋಡೌನಿನಲ್ಲಿ ಚೀಲಗಳು ಕಾದು ಕೂತವು. ಮ್ಯಾನೇಜರಿಗೆ ಬೇಕಾಗಿದ್ದದ್ದೂ ಅದೇ. ಲಾಟಿಗೆ ನಾನು ಬೇಡವೆಂದರೆ ಅದು ಹಡಗು ಹತ್ತುವಂತಿರಲಿಲ್ಲ, ಆ ಅಧಿಕಾರ ಅವರಿಗೆ ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಊಟದ ಹೊತ್ತಿನಲ್ಲಿ ಒಂದು ದಿನ ಎಲ್ಲರ ಮುಂದೆ, "ಮೇಡಂಗೆ ಇರೋದು ಕೆಲಸದ ಅಲರ್ಜಿ ಕಣ್ರೀ," ಎಂದು ನಕ್ಕರು. ಆಫೀಸಿನವರೂ ನಕ್ಕರು.

"ಭಾನುವಾರ ಮನೇಲಿದ್ರೂ ಹಿಂಗೇ ಆಗುತ್ತೆ ಸಾರ್. ಇನ್ನೂ ಜಾಸ್ತೀನೇ ಆಗುತ್ತೆ," ಎಂದೆ.

ಅದು ನಿಜವೇ ಆಗಿತ್ತು. ಭಾನುವಾರ ಸಂಜೆಗೆ ನನ್ನ ಕಣ್ಣು ಊದಿಕೊಂಡು ರೆಪ್ಪೆ ಅಂಟುತ್ತಿತ್ತು. ಆ ಮಾತನ್ನು ಆಡಬಾರದಿತ್ತು ಎಂದು ಆಗ ಗೊತ್ತಿರಲಿಲ್ಲ.

ಆ ವಾರವೇ ನನ್ನನ್ನು ಟೇಬಲ್ಲಿನಿಂದ ಎಬ್ಬಿಸಿದರು. ಕಂಪನಿಯ ಯಜಮಾನರ ಕೋಣೆಗೆ ಕರೆಸಿ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ರುಚಿಯ ಕೋಣೆಯಲ್ಲಿ, ಹುರಿಯುವವರು, ಟೈಪಿಸ್ಟು, ಡ್ರೈವರು ಎಲ್ಲ ನೋಡುತ್ತಿರುವಾಗ ಮ್ಯಾನೇಜರ್ ನನ್ನ ಕೈಯಿಂದ ಚಮಚ ತೆಗೆದುಕೊಂಡರು.

"ಮೂಗಿಲ್ಲದೋರನ್ನ ಈ ಟೇಬಲ್‌ಗೆ ನಿಲ್ಸೋದು, ಕಣ್ಣಿಲ್ಲದೋರ ಕೈಗೆ ಸ್ಟೀರಿಂಗ್ ಕೊಟ್ಟಂಗೆ. ನೀವು ಡಿಸ್ಪ್ಯಾಚ್ ನೋಡ್ಕೊಳ್ಳಿ ಮೇಡಂ. ಟೇಸ್ಟಿಂಗ್ ನಾನೇ ಮಾಡ್ತೀನಿ. ಮೂವತ್ತು ವರ್ಷದಿಂದ ಕಾಫಿ ಕುಡೀತಿದೀನಿ, ನಂಗೊತ್ತಾಗಲ್ವಾ?"

ಡಿಸ್ಪ್ಯಾಚ್ ಎಂದರೆ ಸ್ಯಾಂಪಲ್ಲನ್ನು ಡಬ್ಬಕ್ಕೆ ತುಂಬಿ, ಚೀಟಿ ಅಂಟಿಸಿ, ಮೇಣ ಬಳಿಯುವ ಕೆಲಸ. ಹಿಂದಿನ ಕೋಣೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು ಮೇಣ ಬಳಿಯುತ್ತಾ, ಪಕ್ಕದ ಕೋಣೆಯಲ್ಲಿ ಮ್ಯಾನೇಜರ್ ಸೊರ್ ಸೊರ್ ಎಂದು ಹೀರುವುದನ್ನು ಕೇಳಿಸಿಕೊಂಡೆ. ಇವರಿಗೆ ಮಾಡಬೇಕು, ಸರಿಯಾಗಿ ಮಾಡಬೇಕು, ಆ ರುಚಿಯ ಕೋಣೆಯಲ್ಲೇ ಮಾಡಬೇಕು ಎಂದು ಆ ಸ್ಟೂಲಿನ ಮೇಲೆಯೇ ತೀರ್ಮಾನಿಸಿದೆ. ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಮೊದಲು ಮೂಗು ಬೇಕಿತ್ತು. ಅದನ್ನು ಬಿಟ್ಟರೆ ನನಗೆ ಬೇರೆ ವಿದ್ಯೆಯಿಲ್ಲ.

ಶಿವಾಜಿನಗರದಲ್ಲಿ ಅಲರ್ಜಿಗೆಂದೇ ನೋಡುವ ಡಾಕ್ಟರಮ್ಮ ಒಬ್ಬರಿದ್ದರು. ವಯಸ್ಸಾದವರು, ಮಾತು ಕಡಿಮೆ. ನನ್ನ ಕಥೆಯನ್ನು ಪೂರ್ತಿ ಕೇಳಿಕೊಂಡು ಒಂದು ಪ್ರಶ್ನೆ ಕೇಳಿದರು.

"ಹಸಿ ಕಾಫಿ ಬೀಜದ ಧೂಳು ಜಾಸ್ತಿನಾ ನಿಮ್ಮಲ್ಲಿ?"

"ಇದೆ ಡಾಕ್ಟ್ರೇ. ಯಾಕೆ?"

"ಕೆಲವರಿಗೆ ಅದೇ ಆಗಲ್ಲ. ಅದೇ ಆಗಿದ್ರೆ ಈ ಲೈನ್ ಬಿಡ್ಬೇಕಾಗುತ್ತೆ ಬೇಟಾ. ಟೆಸ್ಟ್ ಮಾಡೋಣ, ಆಮೇಲೆ ಹೇಳ್ತೀನಿ."

ಮಾರನೆಯ ದಿನ ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಮಾಡಿ, ಪ್ರತಿ ಗುರುತಿನ ಪಕ್ಕ ಒಂದೊಂದು ದ್ರವದ ಹನಿ ಇಟ್ಟು, ಹನಿಯ ಮೂಲಕ ಸೂಜಿಯಿಂದ ಚರ್ಮವನ್ನು ಮೆಲ್ಲಗೆ ಚುಚ್ಚಿದರು. ಮನೆಯ ಧೂಳು, ಜಿರಲೆ, ಬೂಸು, ಹಲವು ಗಿಡಗಳ ಪರಾಗ, ನಾನೇ ತಂದುಕೊಟ್ಟ ಹಸಿ ಕಾಫಿಯ ಪುಡಿ. ಕೊನೆಯಲ್ಲಿ ಯಾರಿಗೇ ಆದರೂ ಗಂಧೆ ಏಳಿಸಲೇಬೇಕಾದ ಒಂದು ಹನಿ, ಪರೀಕ್ಷೆ ಸರಿಯಿದೆಯೇ ಎಂದು ನೋಡುವುದಕ್ಕೆ. ಕಾದೆವು. ಒಂದೂ ಏಳಲಿಲ್ಲ. ಏಳಲೇಬೇಕಾದದ್ದೂ ಏಳಲಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಶೀತದ ಮಾತ್ರೆ ತಗೊಂಡಿದೀರಾ?"

ಬೆಳಿಗ್ಗೆ ತಾನೇ ನುಂಗಿದ್ದೆ. ಆ ಮಾತ್ರೆ ಮೈಯಲ್ಲಿರುವವರೆಗೆ ಚರ್ಮ ಸತ್ಯ ಹೇಳುವುದಿಲ್ಲವಂತೆ. ಅದನ್ನು ಪೂರ್ತಿ ಬಿಟ್ಟು, ಒಂದು ವಾರಕ್ಕೂ ಮೇಲೆ ತಡೆದುಕೊಂಡು ಮತ್ತೆ ಬನ್ನಿ ಎಂದರು. ಮಾತ್ರೆಯ ಆಸರೆಯೂ ಹೋಯಿತು.

ಆ ದಿನಗಳನ್ನು ನೆನೆದರೆ ಈಗಲೂ ಅಂಗುಳು ತುರಿಸುತ್ತದೆ. ಹಲಸೂರಿನ ಮನೆಯಲ್ಲಿದ್ದವರು ನಾನೂ ನಮ್ಮತ್ತೆಯೂ. ನಮ್ಮ ಮನೆಯವರು ಕೆಲಸದ ಮೇಲೆ ಊರೂರು ಸುತ್ತುವವರು. ಮಾತ್ರೆ ಬಿಟ್ಟ ಸೊಸೆಯ ಅವಸ್ಥೆ ನೋಡಲಾಗದೆ ಅತ್ತೆ ತಮ್ಮ ಚಿಕಿತ್ಸೆಯನ್ನು ಇನ್ನಷ್ಟು ಬಿಗಿ ಮಾಡಿದರು. ಅದು ಶುರುವಿನಿಂದಲೂ ನಡೆಯುತ್ತಿದ್ದ ಚಿಕಿತ್ಸೆಯೇ. ಭಾನುವಾರ ಬೆಳಿಗ್ಗೆ ನೆತ್ತಿಗೆ ಹರಳೆಣ್ಣೆ ತಟ್ಟಿ, ಮೇಲೆ ಹರಳೆಲೆ ಹಾಸಿ, ಬಿಳಿ ಪಂಚೆಯ ತುಂಡಿನಿಂದ ತಲೆ ಬಿಗಿದು ಮಧ್ಯಾಹ್ನದವರೆಗೆ ಕೂರಿಸುವುದು. ಆಮೇಲೆ ಸೀಗೆಪುಡಿಯ ಸ್ನಾನ. ಉಷ್ಣ ಇಳಿದರೆ ಮೂಗು ತಾನೇ ಸರಿಹೋಗುತ್ತದೆ ಎಂಬುದು ಅವರ ವಾದ. ಹರಳಿಗಿಂತ ತಂಪು ಈ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಮಗುವಿನ ಹೊಟ್ಟೆನೋವಿಗೆ, ಬಾಣಂತಿಯ ಬೆನ್ನಿಗೆ, ಉರಿಯುವ ಕಣ್ಣಿಗೆ ಎಲ್ಲಕ್ಕೂ ಅದೇ.

ಎಲೆ ತರುತ್ತಿದ್ದವಳು ನಾನು. ಹಲಸೂರಿನ ಸಂದಿಯಲ್ಲಿ ಹರಳು ಗಿಡ ಎಲ್ಲಿ ಸಿಗಬೇಕು? ನಮ್ಮ ಆಫೀಸಿನಲ್ಲಿ ಬೇಕಾದಷ್ಟಿತ್ತು. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿತ್ತು, ಬರುವ ವಿದೇಶಿ ಬಯರುಗಳಿಗೆ ಆ ಇಟ್ಟಿಗೆ ರಾಶಿ ಕಾಣಬಾರದೆಂದು ಮ್ಯಾನೇಜರ್ ರುಚಿಯ ಕೋಣೆಯ ಕಿಟಕಿಯಾಚೆ ಕೆಂಪು ಹರಳನ್ನು ಸಾಲಾಗಿ ಹಾಕಿಸಿದ್ದರು. ಯಾರೋ ಸ್ನೇಹಿತರ ಬಂಗಲೆಯಿಂದ ಬೀಜ ತಂದದ್ದಂತೆ. ಕೆಂಪು ಕಾಂಡ, ಅಂಗೈಯಗಲದ ಕೆಂಪು ಎಲೆ. ಕೆಲವೇ ತಿಂಗಳಲ್ಲಿ ಆಳೆತ್ತರ ಬೆಳೆದು ಪೊದೆಯಾಗಿತ್ತು. ಬೆಳಿಗ್ಗೆ ಬಂದು ತಾವೇ ಪೈಪು ಹಿಡಿದು ನೀರು ಬಿಡುತ್ತಿದ್ದರು. "ಹೆಂಗಿದಾರೆ ನನ್ನ ಮಕ್ಳು?" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಶನಿವಾರ ಸಂಜೆ ಮನೆಗೆ ಹೊರಡುವಾಗ ಅದರ ಕೆಳಗಿನ ಎಲೆಗಳನ್ನು ನಾಲ್ಕಾರು ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ.

ಎರಡನೆಯ ಪರೀಕ್ಷೆಯ ದಿನ ನಾನು ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ಕಾಫಿಯ ಗುರುತಿನ ಮೇಲೆ ಗಂಧೆ ಎದ್ದಿದ್ದರೆ ನನ್ನ ಬದುಕಿನ ಆ ಅಧ್ಯಾಯ ಮುಗಿದ ಹಾಗೆ.

"ನೋಡಮ್ಮ," ಎಂದರು ಡಾಕ್ಟರಮ್ಮ. "ಕಾಫಿ ಏನೂ ಇಲ್ಲ. ಕ್ಲೀನ್."

ಕಣ್ಣು ಬಿಟ್ಟೆ. ಕಾಫಿಯ ಜಾಗ ನುಣ್ಣಗಿತ್ತು. ಏಳಲೇಬೇಕಾದದ್ದು ಈ ಸಲ ಎದ್ದಿತ್ತು, ಅದನ್ನು ಬಿಟ್ಟರೆ ಇನ್ನೊಂದು ಗುರುತಿನ ಮೇಲೆ ಮಾತ್ರ ಅವರೆಕಾಳಿನ ಗಾತ್ರದ ಗಂಧೆ, ಸುತ್ತ ಕೆಂಪು. ಡಾಕ್ಟರಮ್ಮ ಅದಕ್ಕೆ ಸ್ಕೇಲು ಹಿಡಿದರು.

"ಇದು ಹರಳು. ಹರಳು ಹೂವಿನ ಪೌಡರ್. ಬೆಂಗ್ಳೂರಲ್ಲಿ ತುಂಬಾ ಜನಕ್ಕೆ ಇದೆ. ಹೂವಿನ ಗೊಂಚಲು ನೋಡಿದೀರಾ? ಮೇಲ್ಗಡೆ ಕೆಂಪು ಕುಚ್ಚಿನದು ಹೆಣ್ಣು, ಕಾಯಿ ಆಗೋದು ಅದು. ಕೆಳಗಡೆ ಹಳದೀದು ಗಂಡು. ಬೆಳಿಗ್ಗೆ ಬಿಸಿಲು ಬಿದ್ದಂಗೆ ಅದು ಒಡೆದು ಪುಡಿ ಗಾಳಿಗೆ ಹೋಗುತ್ತೆ. ನಿಮ್ಮ ಸುತ್ತಮುತ್ತ ಎಲ್ಲಾದ್ರೂ ಇದೆಯಾ?"

ನನಗೆ ನಗು ಬಂತು. ಕುರ್ಚಿಯಲ್ಲಿ ಕೂತವಳು ಜೋರಾಗಿ ನಕ್ಕುಬಿಟ್ಟೆ. ಬೆಳಗಿನ ಬಿಸಿಲು ನೇರವಾಗಿ ಬೀಳುವುದು ಆ ಸಾಲಿನ ಮೇಲೆಯೇ, ಆ ಸಾಲು ಇರುವುದು ನನ್ನ ಟೇಬಲ್ಲಿನ ಕಿಟಕಿಗೆ ತಾಗಿಯೇ. ನನ್ನ ಮೂಗು ತಿಂದದ್ದು ಮ್ಯಾನೇಜರ 'ಮಕ್ಕಳೇ'.

ಡಾಕ್ಟರಮ್ಮ ನಗಲಿಲ್ಲ. "ಆದ್ರೆ ಭಾನುವಾರ ಜಾಸ್ತಿ ಅಂತೀರಲ್ಲ. ಆವತ್ತು ಆಫೀಸಿಗೆ ಹೋಗಲ್ಲ. ಚರ್ಮ ಹೌದು ಅಂದ್ರೆ ಸಾಲ್ದು, ಕಥೆನೂ ಹೊಂದ್ಬೇಕು. ಭಾನುವಾರ ಎಲ್ಲಿ ಸಿಗ್ತಿದೆ ಅಂತ ಹುಡ್ಕಿ." ನಿದ್ದೆ ಬರಿಸದ ಬೇರೆ ಮಾತ್ರೆ, ಮೂಗಿಗೆ ಹೊಡೆದುಕೊಳ್ಳುವ ಒಂದು ಸ್ಪ್ರೇ ಬರೆದುಕೊಟ್ಟರು.

ನಾನು ಕೇಳಬೇಕಲ್ಲ. ಸೇಡಿನ ಆತುರಕ್ಕೆ ಭಾನುವಾರದ ವಿಷಯ ಮರೆತೇಹೋಯಿತು. ಮಾರನೆಯ ದಿನ ಬೆಳಿಗ್ಗೆ ನೇರವಾಗಿ ಮ್ಯಾನೇಜರ್ ಮುಂದೆ ನಿಂತೆ.

"ಸಾರ್, ನನ್ನ ಮೂಗು ಹಾಳಾಗಿರೋದು ನಿಮ್ಮ ಹರಳು ಗಿಡದಿಂದ. ಡಾಕ್ಟ್ರು ಟೆಸ್ಟ್ ಮಾಡಿ ಹೇಳಿದಾರೆ. ತೆಗೆಸಿ."

ಅವರು ಪೈಪು ಕೆಳಗಿಟ್ಟರು. ಕೋಪ ಮಾಡಿಕೊಳ್ಳಲಿಲ್ಲ, ಅದೇ ನನಗೆ ಹೆಚ್ಚು ಉರಿದದ್ದು. "ಮೇಡಂ, ನೀವೇ ಹೇಳಿದ್ರಲ್ಲ ಎಲ್ಲರ ಮುಂದೆ. ಭಾನುವಾರ ಮನೇಲಿ ಇನ್ನೂ ಜಾಸ್ತಿ ಆಗುತ್ತೆ ಅಂತ. ನನ್ನ ಗಿಡ ಏನು ಭಾನುವಾರ ಬಸ್ ಹತ್ಕೊಂಡು ಹಲಸೂರಿಗೆ ಬರುತ್ತಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ನನ್ನ ಮಾತನ್ನೇ ತೆಗೆದು ನನ್ನ ಕೆನ್ನೆಗೆ ಬಾರಿಸಿದ್ದರು. ಡಿಸ್ಪ್ಯಾಚಿನ ಸ್ಟೂಲಿಗೆ ವಾಪಸು ಹೋಗಿ ಕೂತೆ.

ಅವರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಭಾನುವಾರವೇ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಆಗದ್ದು ಹೂವಿನ ಪುಡಿ ತಾನೇ, ಎಲೆ ಏನು ಮಾಡೀತು ಎಂದು ಆ ವಾರವೂ ಎಲೆ ಕಟ್ಟಿಸಿಕೊಂಡಿದ್ದೆ. ತಲೆಗೆ ಕಟ್ಟಿದ್ದ ಪಂಚೆಯ ತುಂಡನ್ನು ನೆನೆಸುವ ಮೊದಲು ಕೊಡವಿದೆ. ಮುಖದ ಮೇಲೆ ಏನೋ ಉದುರಿದಂತಾಯಿತು, ಸೀನು ಕಿತ್ತುಕೊಂಡು ಬಂತು. ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಎಲೆಯ ನರದ ಗುರುತಿನ ಉದ್ದಕ್ಕೂ ಹಳದಿ ಪುಡಿ ಅಂಟಿತ್ತು.

"ಅತ್ತೆ, ಇದೇನು?"

"ಅರಿಶಿನ ಕಣೇ, ಇನ್ನೇನು," ಎಂದರು ಅವರು ಬಾಗಿಲಿನಿಂದಲೇ.

"ಇವತ್ತು ಅರಿಶಿನ ಎಲ್ಲಿ ಹಚ್ಚಿದ್ರಿ?"

ಹಚ್ಚಿರಲಿಲ್ಲ. ಅತ್ತೆ ಹತ್ತಿರ ಬಂದು ಬಟ್ಟೆ ನೋಡಿದರು. ಎಲೆಯನ್ನು ತೊಳೆದು ಹಾಕುತ್ತೀರಾ ಎಂದು ಕೇಳಿದೆ. "ತೊಳೆದ್ರೆ ಅದರ ಗುಣ ಹೋಗಲ್ವೇನೇ? ಹಂಗೇ ಬೆಂಕಿ ಮೇಲೆ ಒಂಚೂರು ಬಾಡಿಸಿ ಇಡೋದು. ನಮ್ಮಮ್ಮನೂ ಹಂಗೇ ಇಡ್ತಿದ್ದದ್ದು," ಎಂದರು. ಹೂವಿನ ಗೊಂಚಲಿನ ನೇರ ಕೆಳಗಿದ್ದ ಎಲೆಗಳು ಅವು. ವಾರವೆಲ್ಲ ಉದುರಿದ ಪುಡಿ ಅವುಗಳ ಮೇಲೆ ಕೂತಿತ್ತು. ಅದನ್ನು ನಾನೇ ಆರಿಸಿ, ಬಸ್ಸಿನಲ್ಲಿ ತಂದು, ನೆತ್ತಿಯ ಮೇಲೆ ಹೊತ್ತು, ಅರ್ಧ ದಿನ ಅದರ ಕೆಳಗೆ ಉಸಿರಾಡಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರೆ. ನಾವು ಎತ್ತಿಗೇ ಎಳೆದಿದ್ದೆವು, ಅದೂ ಕಾದ ಕಬ್ಬಿಣವನ್ನು ವೈದ್ಯರ ಮನೆಯಿಂದಲ್ಲ, ಶತ್ರುವಿನ ಒಲೆಯಿಂದ ತಂದು.

ಅತ್ತೆ ಆ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೀರಿಗೆ ಅದ್ದಿದರು. ಬಹಳ ನೊಂದುಕೊಂಡಿದ್ದರು. "ಹರಳು ಯಾರಿಗೂ ಕೆಟ್ಟದ್ದು ಮಾಡಲ್ಲ ಅನ್ಕೊಂಡಿದ್ದೆ," ಎಂದರು. ಆಮೇಲೆ ಸಿಟ್ಟನ್ನೆಲ್ಲ ಸರಿಯಾದ ವಿಳಾಸಕ್ಕೆ ತಿರುಗಿಸಿದರು. "ಅವನ ಗಿಡಕ್ಕಿಷ್ಟು ಬೆಂಕಿ ಹಾಕ! ಬುಡಕ್ಕೆ ಆಸಿಡ್ ಸುರಿದುಬಿಡು, ಯಾರು ನೋಡ್ತಾರೆ?"

ನಾನು ಆಸಿಡ್ ತಂದೆ. ಸುಳ್ಳು ಹೇಳುವುದೇಕೆ? ಶಿವಾಜಿನಗರದ ಒಂದು ಅಂಗಡಿಯಲ್ಲಿ ಬಚ್ಚಲು ತೊಳೆಯುವ ಆಸಿಡ್ಡಿನ ಬಾಟಲಿ ಕೊಂಡು, ಪೇಪರಿನಲ್ಲಿ ಸುತ್ತಿ, ಊಟದ ಚೀಲದಲ್ಲಿ ಇಟ್ಟುಕೊಂಡು ಆಫೀಸಿಗೆ ಹೋದೆ. ಎಲ್ಲರೂ ಹೋದ ಮೇಲೆ ಸುರಿಯುವುದೆಂದು ಲೆಕ್ಕ. ಮಧ್ಯಾಹ್ನವೆಲ್ಲ ಮೇಣ ಬಳಿಯುತ್ತಾ ಆ ಗಿಡಗಳು ಬಾಡುವುದನ್ನು ಮನಸ್ಸಿನಲ್ಲಿ ನೋಡಿದೆ. ಎಲೆ ಜೋತು ಬೀಳುತ್ತದೆ, ಕಾಂಡ ಕಪ್ಪಾಗುತ್ತದೆ, ಮ್ಯಾನೇಜರ್ ಪೈಪು ಹಿಡಿದು ಅಳುಮುಖ ಮಾಡುತ್ತಾರೆ. ಬಹಳ ಹಿತವಾಗಿತ್ತು.

ಆಮೇಲೆ? ನನ್ನ ಮೂಗು ಸರಿಹೋಗುತ್ತದೆ. ಆದರೆ ಯಾಕೆ ಸರಿಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. 'ಮೇಡಂಗೆ ಈಗ ಶೀತ ಬಿಟ್ಟಿದೆ' ಎನ್ನುತ್ತಾರೆ, ಮುಂದಿನ ವರ್ಷ ಮತ್ತೆ ಬೀಜ ಹಾಕುತ್ತಾರೆ. ಗಿಡ ಸಾಯುತ್ತದೆ, ಆ ಸ್ಟೀರಿಂಗಿನ ಮಾತು ಬದುಕಿರುತ್ತದೆ. ನನಗೆ ಬೇಕಾಗಿದ್ದದ್ದು ಗಿಡದ ಸಾವಷ್ಟೇ ಅಲ್ಲ, ಅವರ ಮುಖ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ನನ್ನ ವೃತ್ತಿಯವರಿಗೇ ಮಾಡಿದ್ದಿರಬೇಕು. ಆಸಿಡ್ಡನ್ನು ಮನೆಗೆ ವಾಪಸು ಒಯ್ದು ಬಚ್ಚಲು ತೊಳೆದೆ.

ಮರುದಿನ ಯಜಮಾನರ ಕೋಣೆಗೆ ಹೋದೆ. ಅವರು ವಯಸ್ಸಾದ, ಲೆಕ್ಕಾಚಾರದ ಮನುಷ್ಯ. ಗಿಡದ ಬಗ್ಗೆ ಅಳುತ್ತಾ ಕೂರಲು ಹೋಗಿರಲಿಲ್ಲ ನಾನು. ಒಂದು ಪರೀಕ್ಷೆ ಕೇಳಲು ಹೋಗಿದ್ದೆ.

"ಒಂದು ವಾರ ರಜಾ ಕೊಡಿ ಸಾರ್. ಆ ಗಿಡದ ಹತ್ರ ಸುಳಿಯಲ್ಲ. ವಾರ ಆದ್ಮೇಲೆ ನಿಮ್ಮನೇಲಿ, ನಿಮ್ಮ ಕೈಯಾರೆ ಬಟ್ಲು ಜೋಡಿಸಿ. ಮೂರು ಬಟ್ಲು, ಎರಡು ಒಂದೇ ಲಾಟು, ಒಂದು ಬೇರೆ. ಬೇರೇದು ಯಾವ್ದು ಅಂತ ನಾನು ಹೇಳ್ತೀನಿ. ಮಾರನೇ ದಿನ ಅದನ್ನೇ ಆಫೀಸಲ್ಲಿ, ಬೆಳಿಗ್ಗೆ, ಕಿಟಕಿ ತೆಗೆದು, ಮ್ಯಾನೇಜರ್ ಮುಂದೆ ಮಾಡ್ಸಿ."

"ಅಲ್ಲಿ ನಿಮಗೆ ಆಗಲ್ಲ ಅಂತೀರಲ್ಲಮ್ಮ?"

"ಆಗಲ್ಲ ಸಾರ್. ನಾನು ಸೋಲೋದನ್ನೇ ಎಲ್ಲರೂ ನೋಡ್ಬೇಕು."

ಯಜಮಾನರು ಒಪ್ಪಿಕೊಂಡರು.

ಆ ವಾರ ನಾನು ವ್ರತ ಹಿಡಿದವಳ ಹಾಗೆ ಬದುಕಿದೆ. ಎಲೆ ಇಲ್ಲ, ಎಣ್ಣೆ ಇಲ್ಲ. ಹಾಸಿಗೆ ದಿಂಬಿನ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ ತೊಳೆದೆ. ಬೆಳಗಿನ ಹೊತ್ತು ಕಿಟಕಿ ಮುಚ್ಚಿದೆ. ಉಪ್ಪುನೀರಿನಿಂದ ಮೂಗು ತೊಳೆದು, ಸ್ಪ್ರೇಯನ್ನು ಸಂಜೆ ಮಾತ್ರ ಹೊಡೆದೆ, ಬೆಳಗಿನ ಮೂಗಿಗೆ ಔಷಧಿಯ ವಾಸನೆ ಅಡ್ಡ ಬರಬಾರದೆಂದು. ಮೊದಲೆರಡು ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೋ ಕೊತ್ತಂಬರಿ ಹುರಿಯುವುದು ತಿಳಿಯಿತು. ಬಾಗಿಲಲ್ಲಿ ನಿಂತು ಅತ್ತೆಯನ್ನು ಕೂಗಿದೆ. ಭಾನುವಾರ ಬಂತು, ಹೋಯಿತು, ಕಣ್ಣು ಊದಲಿಲ್ಲ. ಕಥೆ ಹೊಂದಿತ್ತು.

ಯಜಮಾನರ ಮನೆ ದೊಮ್ಮಲೂರಿನಲ್ಲಿ. ಊಟದ ಮೇಜಿನ ಮೇಲೆ ಅವರೇ ಬಟ್ಟಲುಗಳನ್ನು ಜೋಡಿಸಿದರು. ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ತಿರುಗಿ ಬಗ್ಗಿ ಮೊದಲ ಕೆನೆ ಒಡೆದಾಗ ಬಂದ ವಾಸನೆಗೆ ಕಣ್ಣಲ್ಲಿ ನೀರು ಬಂತು, ಆ ನೀರಿಗೆ ಪರಾಗ ಕಾರಣವಲ್ಲ. ಎರಡನೆಯದು ಅದೇ. ಮೂರನೆಯದರಲ್ಲಿ, ಸಿಹಿಯ ಹಿಂದೆ, ಒದ್ದೆ ಗೋಣಿ.

"ಇದು ಬೇರೆ ಸಾರ್. ಗೋಣಿ ಹಿಡಿದಿದೆ. ತೇವದಲ್ಲಿ ಇಟ್ಟಿದಾರೆ. ಇದನ್ನ ಕಳ್ಸಿದ್ರೆ ವಾಪಸ್ ಬರುತ್ತೆ."

ಯಜಮಾನರು ಬಟ್ಟಲು ಅದಲು ಬದಲು ಮಾಡಿ ಮತ್ತೆ ಮತ್ತೆ ಕೇಳಿದರು. ಪ್ರತಿ ಸಲವೂ ಅದನ್ನೇ ತೋರಿಸಿದೆ. ಕೊನೆಗೆ ಅವರು ಕುರ್ಚಿಯಲ್ಲಿ ಕೂತು, "ಇದು ಆಗ್ಲೇ ಪಾಸ್ ಆಗಿರೋ ಲಾಟಮ್ಮ. ಈ ವಾರ ಹೋಗ್ಬೇಕಿತ್ತು," ಎಂದರು. ಯಾರು ಪಾಸು ಮಾಡಿದ್ದು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಯಾವ ಹಬ್ಬದಲ್ಲೂ ಕಂಡಿಲ್ಲ.

ಮಾರನೆಯ ಬೆಳಿಗ್ಗೆ ರುಚಿಯ ಕೋಣೆಯಲ್ಲಿ ಇಡೀ ಆಫೀಸು ನಿಂತಿತ್ತು. ಕಿಟಕಿ ತೆರೆದಿತ್ತು, ಬಿಸಿಲು ಕೆಂಪು ಎಲೆಗಳ ಮೇಲೆ ಹೊಳೆಯುತ್ತಿತ್ತು. ಬೇಕೆಂದೇ ಕಿಟಕಿಯ ಪಕ್ಕ ನಿಂತು ನೀರು ಕಾಯುವವರೆಗೆ ಆಳವಾಗಿ ಉಸಿರಾಡಿದೆ. ಕೆನೆ ಕಟ್ಟುವಷ್ಟರಲ್ಲಿ ಅಂಗುಳಿನಲ್ಲಿ ನವೆ ಶುರುವಾಯಿತು, ಆಮೇಲೆ ಸೀನು, ಆಮೇಲೆ ಮೂಗಿನ ಎರಡೂ ಬಾಗಿಲು ಮುಚ್ಚಿದವು. ನಿನ್ನೆ ನನಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿದ್ದ ಲಾಟುಗಳೇ ಅವು. ಬಗ್ಗಿದೆ, ಮೂಸಿದೆ. ಬರೀ ಬಿಸಿ.

"ಗೊತ್ತಾಗ್ತಿಲ್ಲ ಸಾರ್," ಎಂದೆ.

ಮ್ಯಾನೇಜರ್ ನಗುತ್ತಾ ಸುತ್ತ ನೋಡಿದರು. "ನಾನು ಮೊದ್ಲೇ ಹೇಳಿರ್ಲಿಲ್ವಾ ಸಾರ್?"

"ನಿಮಗೆ ಅಲರ್ಜಿ ಇಲ್ವಲ್ಲ," ಎಂದರು ಯಜಮಾನರು. "ನೀವು ಹೇಳಿ. ಯಾವ್ದು ಬೇರೆ?"

ನಗು ಅಲ್ಲೇ ನಿಂತಿತು. ಮ್ಯಾನೇಜರ್ ಬಗ್ಗಿದರು, ಹೀರಿದರು, ಉಗಿದರು, ಮತ್ತೆ ಹೀರಿದರು. ಗಟ್ಟಿ ಮನಸ್ಸು ಮಾಡಿ ಒಂದು ಬಟ್ಟಲನ್ನು ತೋರಿಸಿದರು. ತಪ್ಪು. ಯಜಮಾನರು ಬಟ್ಟಲುಗಳನ್ನು ಕದಲಿಸಿ ಮತ್ತೆ ಕೇಳಿದರು. ಮತ್ತೆ ತಪ್ಪು. ಮೂಗಿನಿಂದ ನೀರು ಸುರಿಸುತ್ತಾ, ಕರವಸ್ತ್ರ ಹಿಡಿದು, ಊದಿದ ಕಣ್ಣಿನಿಂದಲೇ ನಾನು ಆ ಮುಖವನ್ನು ನೋಡಿದೆ. ಒಂದು ರೇಖೆಯನ್ನೂ ಬಿಡಲಿಲ್ಲ.

ಅಂದೇ ಸಂಜೆ ಗಿಡಗಳಿಗೆ ಕತ್ತಿ ಬಿತ್ತು. ಡಾಕ್ಟರಮ್ಮ ಹೇಳಿದ ಹಾಗೆ, ಬಿಸಿಲು ಇಳಿದ ಮೇಲೆ ಗೊಂಚಲುಗಳನ್ನೆಲ್ಲ ನೀರಿನಿಂದ ತೋಯಿಸಿ, ಪುಡಿ ಹಾರದಂತೆ ಕಡಿದು, ಬೇರು ಸಮೇತ ಅಗೆದು ಸಾಗಿಸಿದರು. ನಾನು ಹತ್ತಿರ ನಿಲ್ಲುವಂತಿರಲಿಲ್ಲ. ಮೇಲಿನ ಕೋಣೆಯ ಮುಚ್ಚಿದ ಗಾಜಿನ ಹಿಂದೆ ನಿಂತು ಕಟ್ಟಕಡೆಯ ಬುಡ ಏಳುವವರೆಗೂ ನೋಡಿದೆ. ಪಾಪ, ಗಿಡ ಏನು ಮಾಡಿತ್ತು ಎಂದು ಕೇಳುವವರಿದ್ದಾರೆ. ನನಗೆ ಮಾಡಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಈ ಊರಿನ ಖಾಲಿ ಸೈಟುಗಳಲ್ಲೆಲ್ಲ ಹರಳು ತಾನಾಗಿ ಬೆಳೆಯುತ್ತದೆ. ಗೋಡೌನಿಗೆ ಹೋಗುವಾಗ ಟಿನ್ ಫ್ಯಾಕ್ಟರಿಯ ಹತ್ತಿರ ರೈಲು ಹಳಿಯ ಪಕ್ಕ ಅದರದ್ದೇ ಕಾಡು. ಬಸ್ಸಿನಲ್ಲಿ ಕಿಟಕಿ ಮುಚ್ಚಿಕೊಂಡು, ಒದ್ದೆ ಕರವಸ್ತ್ರ ಮೂಗಿಗೆ ಹಿಡಿದು ದಾಟುತ್ತೇನೆ. ಹೊರಗಿನಿಂದ ಬಂದ ಕೂಡಲೇ ಮುಖ, ಕೂದಲು ತೊಳೆಯುತ್ತೇನೆ. ಮಳೆಗಾಲದಲ್ಲಿ, ಹೂ ಬಿಡುವ ಮೊದಲೇ, ನಮ್ಮ ಬೀದಿಯಲ್ಲಿ ಅದರ ಸಸಿ ಕಂಡರೆ ಕಿತ್ತೆಸೆಯುತ್ತೇನೆ. ಅತ್ತೆ ಬದುಕಿರುವವರೆಗೂ ಅವರೂ ಕೀಳುತ್ತಿದ್ದರು, ಪ್ರತಿಯೊಂದಕ್ಕೂ ಮ್ಯಾನೇಜರ ಹೆಸರಿಟ್ಟು.

ಮೂಗು ಪೂರ್ತಿ ಗಟ್ಟಿಯಾಗುವವರೆಗೆ ನಾನು ಟೇಬಲ್ಲಿಗೆ ಹೋಗಲಿಲ್ಲ. ಅಲ್ಲಿಯವರೆಗೆ ಒಂದು ಲಾಟೂ ಗೋಡೌನು ಬಿಟ್ಟು ಹೊರಡಬಾರದೆಂದು ಯಜಮಾನರ ಅಪ್ಪಣೆಯಾಯಿತು. ಇನ್ನೊಂದು ಅಪ್ಪಣೆಯೂ ಆಯಿತು. ರಫ್ತಿನ ಕಾಗದಕ್ಕೆ ಸಹಿ ಹಾಕುವವರಿಗೆ ಗೋಣಿ ವಾಸನೆಯಾದರೂ ಗೊತ್ತಿರಬೇಕು, ಮೇಡಂ ಹತ್ತಿರ ಕಲಿಯಿರಿ.

ಹಾಗಾಗಿ ಮ್ಯಾನೇಜರ್ ದಿನಾ ಬೆಳಿಗ್ಗೆ ನನ್ನ ಟೇಬಲ್ಲಿಗೆ ಬರತೊಡಗಿದರು. ಮೂರು ಬಟ್ಟಲು ಇಡುತ್ತಿದ್ದೆ. ಅವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು, ತಿರುಗಿ ಬಗ್ಗುತ್ತಿದ್ದರು, ಒಂದನ್ನು ತೋರಿಸುತ್ತಿದ್ದರು. "ಅಲ್ಲ ಸಾರ್," ಎನ್ನುತ್ತಿದ್ದೆ, ಬಹಳ ಮೃದುವಾಗಿ. ಹುರಿಯುವವರು, ಟೈಪಿಸ್ಟು, ಡ್ರೈವರು ಏನಾದರೂ ನೆಪ ಮಾಡಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮ್ಯಾನೇಜರ ಹಣೆಯಲ್ಲಿ ಬೆವರು ಬರುತ್ತಿತ್ತು. ದಿನಗಳು ಕಳೆದವು. ಒಂದು ಬೆಳಿಗ್ಗೆ ಅವರು ಮೂರೂ ಬಟ್ಟಲುಗಳ ಮೇಲೆ ನಿಧಾನವಾಗಿ ಬಗ್ಗಿ, ನಡುವಿನದಕ್ಕೆ ಹಿಂತಿರುಗಿ, ಕಣ್ಣು ಮುಚ್ಚಿ ಮತ್ತೊಮ್ಮೆ ಉಸಿರೆಳೆದುಕೊಂಡರು.

"ಇದು," ಎಂದರು. "ಇದೇ. ಒದ್ದೆ ಗೋಣಿ. ಗೊತ್ತಾಯ್ತು ಮೇಡಂ."

ಸರಿಯಾಗಿಯೇ ಹೇಳಿದ್ದರು.

"ಅಲ್ಲ ಸಾರ್," ಎಂದೆ ನಾನು. "ಇನ್ನೊಂದ್ಸಲ ನೋಡಿ."